ಬಿದ್ರಿ ನಮೂನೆ ಬಿಡಿಸಲು ಹಾಸ್ಕೆಲ್‌ನಲ್ಲಿ ಯಾವ ಗ್ರಾಫಿಕ್ಸ್ ಲೈಬ್ರರಿ ಹಿಡಿಯೋಣ?

ಬೂಟಿ_ಬೀದರ್

ಎಲ್ಲರಿಗೂ ನಮಸ್ಕಾರ. ಬೀದರ್‌ನಲ್ಲಿ ಡಿಪ್ಲೊಮಾ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಈ ಸಲ ಹಾಸ್ಕೆಲ್ ಅನ್ನುವ ಭಾಷೆ ಶುರು ಮಾಡಿದ್ದೇವೆ. ಫ್ಯಾಕ್ಟೋರಿಯಲ್, ಫಿಬೊನಾಚಿ ಬರೆಸಿ ಬರೆಸಿ ಅವರಿಗೂ ಬೇಜಾರು, ನನಗೂ ಬೇಜಾರು. ಕ್ಲಾಸಿನಲ್ಲಿ ಬಿದ್ರಿ ಕೆಲಸದ ಮನೆಯ ಮಕ್ಕಳಿದ್ದಾರೆ. ಅವರಲ್ಲೊಬ್ಬಳು ಕೇಳಿದಳು: ಮೇಡಂ, ನಮ್ಮ ಮನೆಯ ನಮೂನೆಗಳನ್ನು ಇದರಲ್ಲಿ ಬಿಡಿಸಬಹುದಾ?

ಬಿಡಿಸಬಹುದು, ಆದರೆ ಯಾವುದರಲ್ಲಿ ಅನ್ನೋದೇ ಪ್ರಶ್ನೆ. ಸ್ಕ್ರೀನ್ ಮೇಲೆ ನಮೂನೆ ಕಾಣಬೇಕು, ಎಂಟು ಎಸಳನ್ನು ಹನ್ನೆರಡು ಮಾಡಿದರೆ ತಕ್ಷಣ ಬದಲಾಗಬೇಕು. ಅದೇ ನಮೂನೆ ಕಾಗದದ ಮೇಲೆ ಸರಿಯಾದ ಅಳತೆಯಲ್ಲಿ ಬರಬೇಕು. 120 ಮಿ.ಮೀ. ತಟ್ಟೆ ಅಂದರೆ 120 ಮಿ.ಮೀ. ಕೆಳಗೆ ನಮೂನೆಯ ಹೆಸರು ಕನ್ನಡದಲ್ಲಿ ಇರಬೇಕು, ಇದು ಮಕ್ಕಳ ಹಟ.

ಲ್ಯಾಬ್‌ನಲ್ಲಿ ಹಳೆಯ ವಿಂಡೋಸ್ ಮಷೀನ್‌ಗಳು, 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನನ್ನ ಹತ್ತಿರ ಉಬುಂಟು ಲ್ಯಾಪ್‌ಟಾಪ್ ಇದೆ. ಹುಡುಕಿದಾಗ ಗ್ಲಾಸ್, ಡಯಾಗ್ರಾಮ್ಸ್, ಎಸ್‌ಡಿಎಲ್2, ನೇರ ಓಪನ್‌ಜಿಎಲ್ (ಗ್ರಾಫಿಕ್ಸ್ ಡ್ರೈವರ್ ಜೊತೆ ನೇರ ಮಾತಾಡುವ ಕೆಳಹಂತದ ಪದ್ಧತಿ) ಹೀಗೆ ನಾಲ್ಕೈದು ಸಿಕ್ಕವು. ಯಾವುದು ಹಿಡಿಯಲಿ? ಭಾಷೆಯನ್ನೇ ಬದಲಿಸಿ ಅಂದರೂ ಕೇಳಲು ತಯಾರಿದ್ದೇನೆ, ಆದರೆ ಟೈಪ್‌ಗಳಿರುವ, ಅಂದರೆ ಪ್ರತಿ ಬೆಲೆಯ ಬಗೆಯನ್ನು ಮೊದಲೇ ಪರೀಕ್ಷಿಸುವ ಭಾಷೆಯೇ ಇರಲಿ.

ಶಹಾಬಾದ್_ಕಲ್ಲು

ಮೇಡಂ, ನೇರವಾಗಿ ಓಪನ್‌ಜಿಎಲ್ ಕಲಿಸಿ. ಉಳಿದದ್ದೆಲ್ಲ ಅದರ ಮೇಲಿನ ಹೊದಿಕೆ. ಹೊದಿಕೆ ಬರೆದವರು ನಾಳೆ ಬಿಟ್ಟುಹೋಗಬಹುದು, ಓಪನ್‌ಜಿಎಲ್ 1992ರಿಂದ ಇದೆ. ಹಾಸ್ಕೆಲ್‌ನಿಂದ ಅದನ್ನು ಕರೆಯುವ ಸೇತುವೆ, ಅಂದರೆ ಬೈಂಡಿಂಗ್, ಬಹಳ ಹಳೆಯದು, ಗಟ್ಟಿಯಾಗಿದೆ. ಬಿಗಿನ್, ಎಂಡ್ ನಡುವೆ ಬಿಂದು ಕೊಡುತ್ತಾ ಹೋದರೆ ಗೆರೆ ಬರುತ್ತದೆ. ಒಂದು ಪುಟದ ಕೋಡ್. ಮುಂದೆ ಮಕ್ಕಳು ಗೇಮ್ ಕಂಪನಿಗೆ ಹೋದರೆ ಇದೇ ಉಪಯೋಗಕ್ಕೆ ಬರುತ್ತದೆ. ನಾನು ಹೈದರಾಬಾದ್‌ನಲ್ಲಿ ದಿನಾ ಮಾಡುವ ಕೆಲಸ ಇದು, ಸುಮ್ನೆ ಹೇಳುತ್ತಿಲ್ಲ.

ಖಾಲಿ_ಸ್ಟ್ಯಾಕ್

ರ‍್ಯಾಕೆಟ್ ಭಾಷೆ ಹಾಕ್ರಿ, ಮುಗೀತು.

ಕಡಗಂಚಿ_ಗಾಳಿ

ಶಹಾಬಾದ್ ಅಣ್ಣಾ, ನೀವು ಹೇಳುವ ಬಿಗಿನ್-ಎಂಡ್ ಓಪನ್‌ಜಿಎಲ್ 2008ರ 3.0 ಆವೃತ್ತಿಯಲ್ಲೇ ಹಳತು ಅಂತ ಗುರುತಾಯಿತು. 2009ರ 3.1ರಲ್ಲಿ ಮುಖ್ಯ ಭಾಗದಿಂದ ಹೊರಗೆ ಹೋಯಿತು. ವಿಂಡೋಸ್, ಲಿನಕ್ಸ್ ಡ್ರೈವರ್‌ಗಳು ಇನ್ನೂ ನಡೆಸುತ್ತಿವೆ, ನಿಜ. ಆದರೆ ಬ್ರೌಸರ್‌ನ ವೆಬ್‌ಜಿಎಲ್‌ನಲ್ಲಿ ಅದು ಇಲ್ಲವೇ ಇಲ್ಲ. ಆ್ಯಪಲ್ 2018ರಲ್ಲಿ ಇಡೀ ಓಪನ್‌ಜಿಎಲ್ ಅನ್ನೇ ಹಳತು ಅಂದಿತು. ಹೊಸ ರೀತಿಯಲ್ಲಿ ಬರೆಯಲು ಹೋದರೆ ಒಂದು ತ್ರಿಕೋನಕ್ಕೆ ಬಿಂದುಗಳಿಡಲು ಬಫರ್, ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಎರಡು ಪುಟ್ಟ ಪ್ರೋಗ್ರಾಂ (ಶೇಡರ್), ಅವನ್ನು ಕಂಪೈಲ್ ಮಾಡುವ ಕೋಡ್, ತಪ್ಪು ಬಂದರೆ ಓದುವ ಕೋಡ್. ಮಕ್ಕಳು ಎಸಳು ನೋಡುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ.

ನನ್ನ ತಕರಾರು ಅದಲ್ಲ ಬಿಡಿ. ಮೇಡಂ ಯಾವ ಲೈಬ್ರರಿ ಅಂತ ಕೇಳುವ ಮೊದಲು ಕೇಳಬೇಕಾದದ್ದು ಬೇರೆ ಇದೆ: ನಿಮ್ಮ ಪ್ರೋಗ್ರಾಂನಲ್ಲಿ ಚಿತ್ರ ಅಂದರೆ ಏನು?

ಓಪನ್‌ಜಿಎಲ್, ಎಸ್‌ಡಿಎಲ್, ಓಕ್ಯಾಮಲ್‌ನ ಹಳೆಯ ಗ್ರಾಫಿಕ್ಸ್ ಮಾಡ್ಯೂಲ್, ಇವುಗಳಲ್ಲಿ ಚಿತ್ರ ಅನ್ನುವ ವಸ್ತುವೇ ಇಲ್ಲ. ಇರುವುದು ಅಪ್ಪಣೆಗಳು. ಬಣ್ಣ ಹಿಡಿ, ಇಲ್ಲಿಗೆ ಹೋಗು, ಅಲ್ಲಿವರೆಗೆ ಗೆರೆ ಎಳೆ. ಎಳೆದ ಮೇಲೆ ಉಳಿಯುವುದು ಪಿಕ್ಸೆಲ್ ಮಾತ್ರ. ಹಾಸ್ಕೆಲ್‌ನಲ್ಲಿ ಇದನ್ನು ಬರೆದರೆ ಇಡೀ ಪ್ರೋಗ್ರಾಂ ಐಓ ಒಳಗೆ, ಅಂದರೆ ಹೊರಗಿನ ಕೆಲಸ ಮಾಡಿಸುವ ಅಪ್ಪಣೆಗಳ ಭಾಗದಲ್ಲಿ, ಕೂತಿರುತ್ತದೆ. ಸಿ ಭಾಷೆಯನ್ನೇ ಕಷ್ಟಪಟ್ಟು ಬರೆದ ಹಾಗೆ.

ಗ್ಲಾಸ್, ಡಯಾಗ್ರಾಮ್ಸ್, ಖಾಲಿ_ಸ್ಟ್ಯಾಕ್ ಹೇಳಿದ ರ‍್ಯಾಕೆಟ್‌ನ ಇಮೇಜ್ ಲೈಬ್ರರಿ, ಇವುಗಳಲ್ಲಿ ಚಿತ್ರ ಒಂದು ಬೆಲೆ. ಸಂಖ್ಯೆ ಇದ್ದ ಹಾಗೆ. ಅದನ್ನು ಫಂಕ್ಷನ್‌ಗೆ ಕೊಡಬಹುದು, ಫಂಕ್ಷನ್‌ನಿಂದ ಪಡೆಯಬಹುದು, ಪಟ್ಟಿಯಲ್ಲಿ ಇಡಬಹುದು. ಒಂದು ಎಸಳು ಬರೆದು, 0ಯಿಂದ ಏಳರವರೆಗಿನ ಪ್ರತಿ ಸಂಖ್ಯೆಗೂ ಅದನ್ನು ಅನ್ವಯಿಸಿ (ಮ್ಯಾಪ್ ಮಾಡಿ), ಪ್ರತಿಯೊಂದನ್ನೂ 45 ಡಿಗ್ರಿಯಂತೆ ತಿರುಗಿಸಿ ಒಟ್ಟುಗೂಡಿಸಿದರೆ ಹೂವು. ಹೂವನ್ನೇ ಮತ್ತೆ ಹೀಗೆ ಸುತ್ತ ಇಟ್ಟರೆ ತಟ್ಟೆಯ ಅಂಚು. ಮಕ್ಕಳು ಕಲಿತ ಮ್ಯಾಪ್, ಪಟ್ಟಿಯನ್ನೆಲ್ಲ ಕೂಡಿಸಿ ಒಂದು ಮಾಡುವ ಫೋಲ್ಡ್, ಅಷ್ಟೇ ಸಾಕು.

ಇದು ಹೊಸ ಯೋಚನೆ ಅಲ್ಲ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಹೆಂಡರ್ಸನ್ ಚಿತ್ರಕಾರ ಎಶರ್‌ನ ಮೀನುಗಳ ಚಿತ್ರವನ್ನು ಹೀಗೇ ಕೆಲವೇ ಫಂಕ್ಷನ್‌ಗಳಲ್ಲಿ ಕಟ್ಟಿ ತೋರಿಸಿದರು: ತಿರುಗಿಸು, ಪಕ್ಕಕ್ಕೆ ಇಡು, ಮೇಲೆ ಇಡು, ಮಗುಚು. 1997ರಲ್ಲಿ ಕಾನಲ್ ಎಲಿಯಟ್ ಮತ್ತು ಪಾಲ್ ಹ್ಯೂಡಕ್ ಅದಕ್ಕೆ ಸಮಯವನ್ನೂ ಸೇರಿಸಿದರು. ಅವರ ಫ್ರ್ಯಾನ್ ಲೈಬ್ರರಿಯಲ್ಲಿ ಅನಿಮೇಷನ್ ಅಂದರೆ ಸಮಯದಿಂದ ಚಿತ್ರಕ್ಕೆ ಒಂದು ಫಂಕ್ಷನ್. ಗ್ಲಾಸ್‌ನ ಆ್ಯನಿಮೇಟ್ ಫಂಕ್ಷನ್ ಕೇಳುವುದೂ ಅದನ್ನೇ: ಸೆಕೆಂಡ್ ಕೊಡುತ್ತೇನೆ, ಚಿತ್ರ ಕೊಡು.

ನಿಮ್ಮ ಊರಲ್ಲೇ ಮಹಮೂದ್ ಗಾವಾನ್ ಮದರಸಾ ಇದೆ. 1472ರದ್ದು. ಗೋಡೆಯ ಮೇಲೆ ಉಳಿದಿರುವ ಹೆಂಚಿನ ಕೆಲಸ ನೋಡಿ. ಒಂದು ತುಂಡು, ಅದರ ತಿರುವು, ಅದರ ಪುನರಾವರ್ತನೆ. ಮಕ್ಕಳನ್ನು ಒಂದು ದಿನ ಅಲ್ಲಿ ನಿಲ್ಲಿಸಿ ಪಾಠ ಮಾಡಿ, ಫಂಕ್ಷನ್ ಕಾಂಪೊಸಿಷನ್ (ಒಂದರ ಫಲ ಇನ್ನೊಂದಕ್ಕೆ ಕೊಡುವುದು) ಬೋರ್ಡ್ ಮೇಲೆ ಬರೆಯುವುದೇ ಬೇಡ.

ಸದ್ಯಕ್ಕೆ ಗ್ಲಾಸ್‌ನಿಂದ ಶುರು ಮಾಡಿ.

ಬೂಟಿ_ಬೀದರ್

ಬಹಳ ಚೆನ್ನಾಗಿ ಹೇಳಿದಿರಿ. ಗ್ಲಾಸ್ ಹಾಕಿಸಿದೆ. ಉಬುಂಟುವಿನಲ್ಲಿ ಫ್ರೀಗ್ಲಟ್ (ಕಿಟಕಿ ತೆರೆಯುವ ಗ್ಲಟ್ ಲೈಬ್ರರಿಯ ಮುಕ್ತ ರೂಪ) ಹಾಕಿದ ಮೇಲೆ ಓಡಿತು. ಲ್ಯಾಬ್‌ನ ವಿಂಡೋಸ್‌ನಲ್ಲಿ ಕಂಪೈಲ್ ಆಗುತ್ತದೆ, ಓಡಿಸಿದರೆ "ಗ್ಲಟ್ ಇನಿಟ್ ಗೊತ್ತಿಲ್ಲ" ಅನ್ನುವ ಅರ್ಥದ ದೂರು ಕೊಟ್ಟು ನಿಲ್ಲುತ್ತದೆ.

ಇನ್ನೊಂದು. ಒಬ್ಬ ಹುಡುಗ ಎಂಟು ಮೂಲೆಯ ನಕ್ಷತ್ರವನ್ನು ಪಾಲಿಗಾನ್ ಆಗಿ ಕೊಟ್ಟ. ಬಿಂದುಗಳೆಲ್ಲ ಸರಿಯಾಗಿವೆ, ನಾನೇ ನೋಡಿದೆ. ಆದರೆ ಒಳಗಿನ ಸಂದುಗಳಲ್ಲೂ ಬಣ್ಣ ತುಂಬಿ ನಕ್ಷತ್ರ ವಿಕಾರವಾಯಿತು. ಮತ್ತೆ ಗೆರೆ ದಪ್ಪ ಮಾಡುವುದು ಹೇಗೆ ಅಂತ ಎಲ್ಲಿಯೂ ಸಿಗುತ್ತಿಲ್ಲ.

ಕಡಗಂಚಿ_ಗಾಳಿ

ವಿಂಡೋಸ್ ತೊಂದರೆ ಎಲ್ಲರಿಗೂ ಬರುವಂಥದ್ದು. ಗ್ಲಾಸ್ ಕಿಟಕಿ ತೆರೆಯಲು ಗ್ಲಟ್ ಬಳಸುತ್ತದೆ, ವಿಂಡೋಸ್‌ನಲ್ಲಿ ಅದು ಇರುವುದಿಲ್ಲ. ಫ್ರೀಗ್ಲಟ್‌ನ ಡಿಎಲ್‌ಎಲ್ ಫೈಲ್ ತಂದು ನಿಮ್ಮ ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ ಇಡಿ. 64 ಬಿಟ್‌ನದೇ ಇರಲಿ. ಕೆಲವು ಕಡೆ ಅದಕ್ಕೆ ಗ್ಲಟ್32 ಅಂತ ಹೆಸರು ಬದಲಿಸಬೇಕಾಗುತ್ತದೆ.

ನಕ್ಷತ್ರದ್ದು: ಗ್ಲಾಸ್‌ನ ಪಾಲಿಗಾನ್ ಉಬ್ಬು ಆಕಾರಗಳಿಗೆ ಮಾತ್ರ. ಒಳಗೆ ತಗ್ಗಿದ ಮೂಲೆ ಇದ್ದರೆ ಕೈಕೊಡುತ್ತದೆ. ಅದರ ದಾಖಲೆಯಲ್ಲೇ ಬರೆದಿದೆ, ಯಾರೂ ಓದುವುದಿಲ್ಲ. ನಕ್ಷತ್ರಕ್ಕೆ ಸುಲಭ ದಾರಿ ಇದೆ. ನಡುಬಿಂದುವಿನಿಂದ ಅಕ್ಕಪಕ್ಕದ ಎರಡೆರಡು ಬಿಂದುಗಳಿಗೆ ತ್ರಿಕೋನ ಮಾಡಿ. ತ್ರಿಕೋನ ಯಾವಾಗಲೂ ಉಬ್ಬೇ. ಎಂಟು ಮೂಲೆಗೆ ಹದಿನಾರು ತ್ರಿಕೋನ. ಅಥವಾ ಎರಡು ಚೌಕ, ಒಂದನ್ನು 45 ಡಿಗ್ರಿ ತಿರುಗಿಸಿ ಮೇಲಿಟ್ಟರೂ ಆಯಿತು.

ಗೆರೆಯ ದಪ್ಪ: ಇಲ್ಲ. ವೃತ್ತಕ್ಕೆ ಮತ್ತು ಕಮಾನಿಗೆ ದಪ್ಪ ಇದೆ, ಗೆರೆಗೆ ಇಲ್ಲ. ಪ್ರತಿ ತುಂಡು ಗೆರೆಯನ್ನೂ ಸಣ್ಣ ಆಯತ ಮಾಡಬೇಕು. ಕೂಡುವ ಜಾಗದಲ್ಲಿ ಸಂದು ಕಾಣುತ್ತದೆ, ಅಲ್ಲೊಂದು ತುಂಬಿದ ಪುಟ್ಟ ವೃತ್ತ ಇಟ್ಟರೆ ಮುಚ್ಚುತ್ತದೆ.

ಶಹಾಬಾದ್_ಕಲ್ಲು

ನೋಡಿದಿರಾ? ಇದನ್ನೇ ನಾನು ಹೇಳಿದ್ದು. ಹೊದಿಕೆ ಹಾಕಿಕೊಂಡರೆ ಗೆರೆ ದಪ್ಪ ಮಾಡುವುದಕ್ಕೂ ಪರದಾಟ. ಓಪನ್‌ಜಿಎಲ್‌ನಲ್ಲಿ ಲೈನ್ ವಿಡ್ತ್ ಒಂದೇ ಸಾಲು.

ತೊಗರಿ_ಕಣಜ

ಅಣ್ಣಾ, ಆ ಒಂದು ಸಾಲನ್ನೂ ನಂಬಬೇಡಿ. ಗೆರೆ ಎಷ್ಟು ದಪ್ಪದವರೆಗೆ ಬರುತ್ತದೆ ಅನ್ನುವುದನ್ನು ಡ್ರೈವರ್ ತೀರ್ಮಾನಿಸುತ್ತದೆ. ಕೆಲವು ಡ್ರೈವರ್‌ಗಳಲ್ಲಿ 1 ಬಿಟ್ಟರೆ ಬೇರೆ ಇಲ್ಲ.

ನಾನು ಕಲಬುರಗಿಯಿಂದಲೇ ಕೆಲಸ ಮಾಡುತ್ತೇನೆ, ಹಾಸ್ಕೆಲ್ ಹೊಟ್ಟೆಪಾಡು. ನೇರ ಬೈಂಡಿಂಗ್ ಬಗ್ಗೆ ಒಂದು ಮಾತು, ಇದು ಸಿ ಬರೆಯುವವರಿಗೆ ಹೊಳೆಯುವುದಿಲ್ಲ. ಓಪನ್‌ಜಿಎಲ್ ಕಾಂಟೆಕ್ಸ್ಟ್, ಅಂದರೆ ಅದು ಚಿತ್ರ ಬಿಡಿಸುವ ಸ್ಥಿತಿಯೆಲ್ಲ, ಒಂದು ಓಎಸ್ ಥ್ರೆಡ್‌ಗೆ (ಆಪರೇಟಿಂಗ್ ಸಿಸ್ಟಂನ ಒಂದು ಕೆಲಸದ ಎಳೆಗೆ) ಅಂಟಿಕೊಂಡಿರುತ್ತದೆ. ಹಾಸ್ಕೆಲ್‌ನ ಥ್ರೆಡ್‌ಗಳು ಹಗುರ, ರನ್‌ಟೈಮ್ ಅವನ್ನು ಒಂದು ಓಎಸ್ ಥ್ರೆಡ್‌ನಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತದೆ. ಮೇನ್ ಮಾತ್ರ ಕಟ್ಟುಬಿದ್ದ ಥ್ರೆಡ್. ಆದ್ದರಿಂದ ಚಿತ್ರದ ಕೆಲಸವೆಲ್ಲ ಮೇನ್‌ನಲ್ಲೇ ನಡೆಯಬೇಕು, ಇಲ್ಲವಾದರೆ ಕಟ್ಟುಬಿದ್ದ ಹೊಸ ಥ್ರೆಡ್ ಕೊಡುವ ಫೋರ್ಕ್‌ಓಎಸ್ ಬಳಸಬೇಕು. ಹಗುರ ಥ್ರೆಡ್ ಕೊಡುವ ಫೋರ್ಕ್‌ಐಓ ಹಾಕಿದರೆ ಒಮ್ಮೆ ಓಡುತ್ತದೆ, ಒಮ್ಮೆ ಬೀಳುತ್ತದೆ. ಯಾಕೆ ಅಂತ ಹುಡುಕುತ್ತಾ ಕೂರಬೇಕು.

ಅದಕ್ಕಿಂತ ಕೆಟ್ಟದ್ದು ಟೆಕ್ಸ್‌ಚರ್ (ವಿಡಿಯೊ ಮೆಮೊರಿಯಲ್ಲಿಟ್ಟ ಚಿತ್ರ), ಬಫರ್ ಬಿಡುಗಡೆ. ಕಸ ಗುಡಿಸುವ ಜಿಸಿ ಇದೆಯಲ್ಲ, ಅದೇ ನೋಡಿಕೊಳ್ಳಲಿ ಅಂತ, ವಸ್ತು ಬೇಡವಾದಾಗ ತಾನಾಗಿ ಓಡುವ ಫೈನಲೈಸರ್ ಕಟ್ಟುವ ಆಸೆ ಬರುತ್ತದೆ. ಫೈನಲೈಸರ್ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ, ಅಲ್ಲಿ ಕಾಂಟೆಕ್ಸ್ಟ್ ಇರುವುದಿಲ್ಲ. ಜಿಸಿಗೆ ವಿಡಿಯೊ ಮೆಮೊರಿ ತುಂಬಿದ್ದೂ ಗೊತ್ತಾಗುವುದಿಲ್ಲ. ಹಾಗಾಗಿ ಕೆಲಸ ಮುಗಿದೊಡನೆ ಬಿಡಿಸುವ ಬ್ರ್ಯಾಕೆಟ್ ಫಂಕ್ಷನ್ ಹಾಕಿ ಕೈಯಾರೆ ಬಿಡುಗಡೆ ಮಾಡುವುದೇ ಸರಿ. ಹಾಸ್ಕೆಲ್‌ನಲ್ಲಿ ಒಳ್ಳೆಯ ಲೈಬ್ರರಿ ಅಂದರೆ ಇವನ್ನೆಲ್ಲ ನಮ್ಮ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವಂಥದ್ದು. ಹೊದಿಕೆ ಅಂತ ಹಗುರವಾಗಿ ಕಾಣಬೇಡಿ.

ಎಸ್‌ಡಿಎಲ್2 ಬೈಂಡಿಂಗ್ ಚೆನ್ನಾಗಿದೆ, ಗೇಮ್‌ಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ ವೃತ್ತ ಎಳೆಯುವ ಫಂಕ್ಷನ್ ಕೂಡ ಇಲ್ಲ. ನಮೂನೆ ಬಿಡಿಸುವವರಿಗೆ ಅಲ್ಲ ಅದು.

ಶಹಾಬಾದ್_ಕಲ್ಲು

ಥ್ರೆಡ್ ವಿಷಯ ಒಪ್ಪುತ್ತೇನೆ. ನಮ್ಮಲ್ಲಿ ಎಲ್ಲ ಸಿ++, ಈ ತಲೆನೋವು ಇಲ್ಲ. ಆದರೂ ಮಕ್ಕಳಿಗೆ ಕೆಳಗೆ ಏನು ನಡೆಯುತ್ತದೆ ಅಂತ ಒಂದು ದಿನವಾದರೂ ತೋರಿಸಿ ಮೇಡಂ.

ಯಾದಗಿರಿ_ಬೆಟ್ಟ

ಎಲ್ಲರೂ ಎಸಳು, ನಕ್ಷತ್ರ ಅಂತ ಮಾತಾಡುತ್ತಿದ್ದೀರಿ. ಕನ್ನಡದ ಹೆಸರು ಯಾರಿಗೂ ನೆನಪಿಲ್ಲ. ನನ್ನ ಪ್ರಕಾರ ಇಲ್ಲಿ ತೀರ್ಮಾನ ಆಗಬೇಕಾದದ್ದು ಅದರಿಂದಲೇ.

ಗ್ಲಾಸ್‌ನಲ್ಲಿ ಟೆಕ್ಸ್ಟ್ ಇದೆ. ಅದು ಗ್ಲಟ್‌ನ ಗೆರೆಯಕ್ಷರ. ಇಂಗ್ಲಿಷ್ ಅಕ್ಷರಗಳನ್ನು ಸಣ್ಣ ಗೆರೆಗಳಿಂದ ಎಳೆಯುತ್ತದೆ ಅಷ್ಟೇ. ಕನ್ನಡ ಕೊಟ್ಟರೆ ಏನೂ ಸಿಗುವುದಿಲ್ಲ. ಅಲ್ಲಿಗೆ ಒಂದು ಬಾಗಿಲು ಮುಚ್ಚಿತು.

ಫಾಂಟ್ ಹಾಕಬಹುದಾದ ಲೈಬ್ರರಿ ಅಂದರೂ ಸಾಲದು. ರೇಲಿಬ್ ಅಂತ ಒಂದಿದೆ, ಸಿ ಭಾಷೆಯದು. ಹಾಸ್ಕೆಲ್, ಓಕ್ಯಾಮಲ್ ಎರಡಕ್ಕೂ ಬೈಂಡಿಂಗ್ ಇದೆ, ಬಳಸಲು ಬಹಳ ಸುಲಭ. ಅದಕ್ಕೆ ಕನ್ನಡ ಫಾಂಟ್ ಕೊಡಬಹುದು. ಆದರೆ ಅದು ಯೂನಿಕೋಡ್ ಸಂಕೇತಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತದೆ. "ಬಿದ್ರಿ" ಅಂದರೆ ಆರು ಸಂಕೇತ: ಬ, ಇಕಾರ, ದ, ವಿರಾಮ, ರ, ಇಕಾರ. ರ ಒತ್ತಾಗಿ ಕೆಳಗೆ ಹೋಗಬೇಕು, ಕೊನೆಯ ಇಕಾರ ಹಿಂದಿನ ದ ಮೇಲೆ ಕೂರಬೇಕು. ಈ ಜೋಡಣೆಯನ್ನು ಯಾರೋ ಮಾಡಬೇಕು. ಅದಕ್ಕೆ ಶೇಪಿಂಗ್ ಅನ್ನುತ್ತಾರೆ, ಹೆಚ್ಚಿನ ಕಡೆ ಆ ಕೆಲಸ ಮಾಡುವುದು ಹಾರ್ಫ್‌ಬಝ್ ಅನ್ನುವ ಲೈಬ್ರರಿ. ಅದಿಲ್ಲದಿದ್ದರೆ ದ ಬೇರೆ, ರ ಬೇರೆ, ಇಕಾರ ಗಾಳಿಯಲ್ಲಿ.

ಅರ್ಕಾವತ್ತು ಇನ್ನೂ ಮಜಾ. "ಗುಲ್ಬರ್ಗಾ" ಬರೆಯುವಾಗ ಸಂಕೇತದ ಸಾಲಿನಲ್ಲಿ ರ ಮೊದಲು, ಗ ಆಮೇಲೆ. ಕಾಣುವಾಗ ಗಾ ಮೊದಲು, ಅರ್ಕಾವತ್ತು ಆಮೇಲೆ. 2014ರಲ್ಲಿ ಊರಿಗೆ ಕಲಬುರಗಿ ಅಂತ ಹೆಸರಾದಾಗ ಪ್ರೋಗ್ರಾಮರ್‌ಗಳಿಗೆ ಸ್ವಲ್ಪ ಉಪಕಾರವೇ ಆಯಿತು, ಒಂದೂ ಒತ್ತಕ್ಷರ ಇಲ್ಲ. ಆದರೂ ಗುಣಿತ ಕೂಡಿಸಲು ಶೇಪಿಂಗ್ ಬೇಕೇ ಬೇಕು.

ಎಲ್ಲಿ ಸರಿ ಬರುತ್ತದೆ? ಬ್ರೌಸರ್‌ನಲ್ಲಿ. ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಇರುವಲ್ಲಿ. ಎಸ್‌ಡಿಎಲ್‌ನ ಟಿಟಿಎಫ್ ಲೈಬ್ರರಿಯ ಹೊಸ ಆವೃತ್ತಿಗಳನ್ನು ಹಾರ್ಫ್‌ಬಝ್ ಸೇರಿಸಿ ಕಟ್ಟಿದ್ದರೆ ಅಲ್ಲೂ ಬರುತ್ತದೆ. ಇವುಗಳಲ್ಲಿ ನಿಮಗೆ ಹತ್ತಿರದ್ದು ಬ್ರೌಸರ್. ಎಸ್‌ವಿಜಿ ಫೈಲ್ (ಚಿತ್ರವನ್ನು ಪಠ್ಯವಾಗಿ ಬರೆದಿಡುವ ಬಗೆ) ಬರೆಯಿರಿ, ಅದರಲ್ಲಿ ಟೆಕ್ಸ್ಟ್ ಟ್ಯಾಗ್ ಒಳಗೆ ಕನ್ನಡ ಇಡಿ, ಬ್ರೌಸರ್ ಉಳಿದದ್ದು ನೋಡಿಕೊಳ್ಳುತ್ತದೆ. ಡಯಾಗ್ರಾಮ್ಸ್‌ಗೆ ಎಸ್‌ವಿಜಿ ಬರೆದುಕೊಡುವ ಭಾಗ (ಬ್ಯಾಕೆಂಡ್) ಇದೆ. ಹಾಗಾಗಿ ನನ್ನ ಮತ ಡಯಾಗ್ರಾಮ್ಸ್‌ಗೆ.

ಭೀಮಾ_ದಂಡೆ

ಬ್ರೌಸರೇ ಆದರೆ ಎಲ್ಮ್ ಭಾಷೆ ಯಾಕಾಗಬಾರದು ಅಕ್ಕಾ? ನೋಡಲು ಹಾಸ್ಕೆಲ್ ಹಾಗೇ ಇದೆ, ಟೈಪ್‌ಗಳಿವೆ, ತಪ್ಪು ಬಂದರೆ ಮನುಷ್ಯರ ಭಾಷೆಯಲ್ಲಿ ಹೇಳುತ್ತದೆ. ಎಸ್‌ವಿಜಿ ಲೈಬ್ರರಿ ಇದೆ. ಮಾಡೆಲ್ (ಪ್ರೋಗ್ರಾಂನ ಸ್ಥಿತಿ) ಬದಲಾದರೆ ಚಿತ್ರ ಕೊಡುವ ವ್ಯೂ ಫಂಕ್ಷನ್ ಮತ್ತೆ ಓಡುತ್ತದೆ, ಎಸಳಿನ ಸಂಖ್ಯೆಗೆ ಒಂದು ಸ್ಲೈಡರ್ ಇಟ್ಟರೆ ಮುಗಿಯಿತು. ಫೋನ್‌ನಲ್ಲೂ ಕಾಣುತ್ತದೆ. ಅದರ 0.19.1 ಆವೃತ್ತಿ ಬಂದದ್ದು 2019ರಲ್ಲಿ, ಆಮೇಲೆ ಭಾಷೆ ಹೆಚ್ಚು ಕದಲಿಲ್ಲ. ಕೆಲವರಿಗೆ ಅದು ದೂರು. ಪಾಠ ಮಾಡುವವರಿಗೆ ನೆಮ್ಮದಿ ಅಂತೀನಿ, ಹೋದ ವರ್ಷದ ನೋಟ್ಸ್ ಈ ವರ್ಷವೂ ನಡೆಯುತ್ತದೆ.

ಖಾಲಿ_ಸ್ಟ್ಯಾಕ್

ನಾನು ಒಂದು ಸಾಲು ಬರೆದು ಹೋದದ್ದಕ್ಕೆ ಮೇಲ್‌ನಲ್ಲಿ ಬೈದಿದ್ದಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ರ‍್ಯಾಕೆಟ್ ಒಂದು ಇನ್‌ಸ್ಟಾಲರ್‌ನಲ್ಲಿ ಎಡಿಟರ್ ಸಮೇತ ಬರುತ್ತದೆ. ಡಿಎಲ್‌ಎಲ್ ಹುಡುಕಾಟ ಇಲ್ಲ. ಚೌಕವನ್ನು ತಿರುಗಿಸು ಅಂತ ಬರೆದು ಎಂಟರ್ ಒತ್ತಿದರೆ ಉತ್ತರದ ಜಾಗದಲ್ಲಿ ಚಿತ್ರವೇ ಕಾಣುತ್ತದೆ, 5 ಕೂಡಿಸು 3 ಅಂದರೆ 8 ಕಾಣುವ ಹಾಗೆ. ಚಿತ್ರ ಒಂದು ಬೆಲೆ ಅಂತ ಕಡಗಂಚಿಯವರು ಉದ್ದಕ್ಕೆ ಬರೆದದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಎಸ್‌ವಿಜಿ ಆಗಿ ಉಳಿಸುವ ಫಂಕ್ಷನ್ ಕೂಡ ಇದೆ. ಟೈಪ್ ಬೇಕು ಅಂದಿರಿ, ಅದೊಂದಕ್ಕೆ ನಾನು ಸೋತೆ.

ಬೂಟಿ_ಬೀದರ್

ಡಯಾಗ್ರಾಮ್ಸ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದೆ. ಬಂದ ಚಿತ್ರ ಅಚ್ಚುಕಟ್ಟು. ಮೂರು ಉದ್ದ ಗೀಟು ಹಾಕಿದರೆ ಪಕ್ಕಕ್ಕೆ, ಮೂರು ಸಮಚಿಹ್ನೆ ಹಾಕಿದರೆ ಕೆಳಕ್ಕೆ, ಓದಲು ಚಂದ. ಆದರೆ ಲೆನ್ಸ್ ಅನ್ನುವ ದೊಡ್ಡ ಲೈಬ್ರರಿ ಮತ್ತೆ ಅದರ ಬಳಗವನ್ನೆಲ್ಲ ಎಳೆದು ತರುತ್ತದೆ. 4 ಜಿಬಿ ಮಷೀನ್‌ನಲ್ಲಿ ಕಂಪೈಲ್ ಆಗುವಾಗ ಲ್ಯಾಬ್ ಸಹಾಯಕರು ಮಷೀನ್ ಕೆಟ್ಟಿತು ಅಂದುಕೊಂಡರು. ಟೈಪ್ ತಪ್ಪು ಬಂದರೆ ಸ್ಕ್ರೀನ್ ತುಂಬ ಸಂದೇಶ, ಎರಡನೇ ವರ್ಷದ ಮಕ್ಕಳು ಹೆದರುತ್ತಾರೆ. ಹೆಸರು ಬರೆದರೆ ನಮೂನೆಯ ಮೇಲೆಯೇ ಬಂದು ಕೂತಿತು, ಕೆಳಗೆ ಇಡು ಅಂದರೂ ಜಾಗ ಬಿಡುತ್ತಿಲ್ಲ.

ಯಾದಗಿರಿ_ಬೆಟ್ಟ

ಜಾಗ ಬಿಡದಿರುವುದಕ್ಕೆ ಕಾರಣ ಇದೆ. ಡಯಾಗ್ರಾಮ್ಸ್‌ಗೆ ಅಕ್ಷರದ ಅಗಲ ಎತ್ತರ ಗೊತ್ತಿಲ್ಲ, ಅದು ಬ್ರೌಸರ್‌ಗೆ ಮಾತ್ರ ಗೊತ್ತು. ಹಾಗಾಗಿ ಬರಹದ ಅಳತೆ ಸೊನ್ನೆ ಅಂತ ಲೆಕ್ಕ. ಕೆಳಗೆ ಒಂದು ಕಾಣದ ಆಯತ ಇಟ್ಟು ಅದರ ಮೇಲೆ ಬರಹ ಕೂರಿಸಿ.

ಚೌಬಾರ

ನಮ್ಮ ಕಾಕಾ ಬಿದ್ರಿ ಕೆಲಸದವರು, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ಪ್ರಿಂಟ್ ಕಾಗದವನ್ನು ಯಾರೂ ಪಾತ್ರೆಗೆ ಅಂಟಿಸುವುದಿಲ್ಲ. ಸತು ಮತ್ತು ತಾಮ್ರದ ಪಾತ್ರೆ ಎರಕವಾದ ಮೇಲೆ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಹಚ್ಚಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಮೊನೆಯಿಂದ ಕೈಯಲ್ಲೇ ನಮೂನೆ ಗೀರುತ್ತಾರೆ. ಆಮೇಲೆ ಉಳಿಯಿಂದ ಕೆತ್ತಿ ಬೆಳ್ಳಿ ತಂತಿ ಕೂರಿಸುವುದು. ಕೊನೆಯಲ್ಲಿ ಕೋಟೆಯ ಮಣ್ಣು ಮತ್ತು ನವಸಾಗರ. ಆಗ ಲೋಹ ಕಪ್ಪಾಗಿ ನಿಲ್ಲುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ನಿಮ್ಮ ಪ್ರಿಂಟ್ ಅವರ ಪಕ್ಕದಲ್ಲಿ ಇಟ್ಟುಕೊಂಡು ನೋಡಲು ಮಾತ್ರ. ಕಾಕಾಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ: ಇದಕ್ಕೆ ತಂತಿ ಎಷ್ಟು ಹಿಡಿಯುತ್ತದೆ? ಬೆಳ್ಳಿ ರೇಟು ಗೊತ್ತಲ್ಲ.

ಕಡಗಂಚಿ_ಗಾಳಿ

ಚೌಬಾರ, ನಿಮ್ಮ ಕಾಕಾ ಈ ಚರ್ಚೆಯನ್ನು ಮುಗಿಸಿಬಿಟ್ಟರು.

ತಂತಿ ಎಷ್ಟು ಅನ್ನುವುದಕ್ಕೆ ಗ್ಲಾಸ್ ಉತ್ತರ ಕೊಡುವುದಿಲ್ಲ, ಓಪನ್‌ಜಿಎಲ್ ಅಂತೂ ಇಲ್ಲವೇ ಇಲ್ಲ. ಮೇಡಂ, ಲೈಬ್ರರಿಯ ಟೈಪ್‌ಗಳನ್ನು ಮಕ್ಕಳ ಕೈಗೆ ಕೊಡಲೇಬೇಡಿ. ನಿಮ್ಮದೇ ಒಂದು ಸಣ್ಣ ಟೈಪ್ ಮಾಡಿ. ಹೆಸರು ನಮೂನೆ ಅಂತಿರಲಿ. ಅದರಲ್ಲಿ ಗೆರೆ, ತುಂಬು, ಸರಿಸು, ತಿರುಗಿಸು, ಹಿಗ್ಗಿಸು, ಸೇರಿಸು, ಬರಹ. ಇಷ್ಟೇ ಕನ್‌ಸ್ಟ್ರಕ್ಟರ್ (ಆ ಟೈಪ್‌ನ ಬೆಲೆ ಕಟ್ಟುವ ಬಗೆಗಳು). ಅಳತೆಯೆಲ್ಲ ಮಿಲಿಮೀಟರ್‌ನಲ್ಲಿ. (ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು. ಹಾಸ್ಕೆಲ್‌ನಲ್ಲಿ ಕನ್‌ಸ್ಟ್ರಕ್ಟರ್ ದೊಡ್ಡಕ್ಷರದಿಂದ ಶುರುವಾಗಬೇಕು, ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರೋಣ.)

ಈಗ ಇದನ್ನು ಓದುವ ಮೂರು ಫಂಕ್ಷನ್ ಬರೆಯಿರಿ. ಒಂದು, ನಮೂನೆಯಿಂದ ಗ್ಲಾಸ್ ಪಿಕ್ಚರ್. ಒಂದು, ನಮೂನೆಯಿಂದ ಎಸ್‌ವಿಜಿ ಬರಹ, ಅದಕ್ಕೆ ಲೈಬ್ರರಿಯೇ ಬೇಡ, ಸ್ಟ್ರಿಂಗ್ ಕೂಡಿಸಿದರೆ ಸಾಕು. ಇನ್ನೊಂದು, ನಮೂನೆಯಿಂದ ಸಂಖ್ಯೆ. ಗೆರೆಗಳ ಉದ್ದ ಕೂಡಿಸುತ್ತಾ ಹೋಗುವುದು. ಅದೇ ತಂತಿ. ಚಿತ್ರ ಬೆಲೆಯಾಗಿದ್ದರೆ ಅದನ್ನು ಎಳೆಯುವುದು ಬಿಟ್ಟು ಬೇರೆ ಪ್ರಶ್ನೆಯನ್ನೂ ಕೇಳಬಹುದು. ಅಪ್ಪಣೆಗಳ ಸಾಲಿಗೆ ಏನು ಕೇಳುತ್ತೀರಿ?

ಲೈಬ್ರರಿ ನಾಳೆ ನಿಂತುಹೋದರೆ ಒಂದು ಫಂಕ್ಷನ್ ಮಾತ್ರ ಬದಲಾಗುತ್ತದೆ. ಶಹಾಬಾದ್ ಅಣ್ಣನ ಹೆದರಿಕೆಗೂ ಉತ್ತರ ಆಯಿತು. ಅವರಿಗೆ ಇಷ್ಟವಿದ್ದರೆ ಓಪನ್‌ಜಿಎಲ್‌ಗೆ ನಾಲ್ಕನೆಯದನ್ನು ಅವರೇ ಬರೆದುಕೊಡಲಿ.

ಬರೆಯುವಾಗ ಕಾಲಿಗೆ ತೊಡರುವ ಕೆಲವು ಕಲ್ಲುಗಳಿವೆ. ಗ್ಲಾಸ್‌ನಲ್ಲಿ ಮೂಲಬಿಂದು (0, 0) ನಡುವೆ, ವೈ ಅಕ್ಷ ಮೇಲಕ್ಕೆ. ಎಸ್‌ವಿಜಿಯಲ್ಲಿ ವೈ ಕೆಳಕ್ಕೆ. ಇಡೀ ಚಿತ್ರವನ್ನು ತಲೆಕೆಳಗೆ ಮಾಡುವ ಸ್ಕೇಲ್ ಹಾಕಿದರೆ ಬರಹವೂ ತಲೆಕೆಳಗಾಗುತ್ತದೆ, ಅದನ್ನು ಮಾತ್ರ ಮತ್ತೆ ತಿರುಗಿಸಬೇಕು. ತಿರುಗಿಸುವ ದಿಕ್ಕು ನೋಡಿಕೊಳ್ಳಿ. ಗ್ಲಾಸ್ ಗಡಿಯಾರದ ದಿಕ್ಕಿಗೆ, ಡಯಾಗ್ರಾಮ್ಸ್ ಎದುರು ದಿಕ್ಕಿಗೆ. ಒಂದರ ಮೇಲೊಂದು ಇಡುವುದೂ ಉಲ್ಟಾ. ಗ್ಲಾಸ್‌ನ ಪಟ್ಟಿಯಲ್ಲಿ ಕೊನೆಯದು ಮೇಲೆ, ಡಯಾಗ್ರಾಮ್ಸ್‌ನಲ್ಲಿ ಮೊದಲನೆಯದು ಮೇಲೆ. ನಿಮ್ಮ ಟೈಪ್‌ನಲ್ಲಿ ಯಾವುದು ಅಂತ ಮೊದಲೇ ಬರೆದಿಡಿ.

ಎಲ್ಲಕ್ಕಿಂತ ಮುಖ್ಯ ಹಿಗ್ಗಿಸುವುದು. ನಮೂನೆ ಎರಡು ಪಟ್ಟಾದರೆ ಗೆರೆಯ ದಪ್ಪವೂ ಎರಡು ಪಟ್ಟಾಗಬೇಕೇ? ಗ್ಲಾಸ್‌ನ ದಪ್ಪ ವೃತ್ತ ಆಗುತ್ತದೆ. ಡಯಾಗ್ರಾಮ್ಸ್ ಬರೆದವರು ಇದರ ಬಗ್ಗೆ ತಲೆ ಕೆಡಿಸಿಕೊಂಡು ದಪ್ಪಕ್ಕೆ ನಾಲ್ಕು ಬಗೆಯ ಅಳತೆ ಇಟ್ಟಿದ್ದಾರೆ. ನಿಮಗೆ ಅಷ್ಟು ಬೇಡ. ಬೆಳ್ಳಿ ತಂತಿ ದೊಡ್ಡ ತಟ್ಟೆಗೂ ಅದೇ, ಸಣ್ಣ ಡಬ್ಬಿಗೂ ಅದೇ. ಆದ್ದರಿಂದ ತಿರುಗಿಸು, ಹಿಗ್ಗಿಸು ಎಲ್ಲವನ್ನೂ ಮೊದಲು ಬಿಂದುಗಳಿಗೆ ಅನ್ವಯಿಸಿ, ಬರೀ ಗೆರೆಗಳ ಪಟ್ಟಿ ಮಾಡಿ, ಆಮೇಲೆ ದಪ್ಪ ಕೊಡಿ. ತಂತಿಯ ಉದ್ದವೂ ಆಗ ತಾನಾಗಿ ಸರಿ ಬರುತ್ತದೆ.

ತೊಗರಿ_ಕಣಜ

ಇದಕ್ಕೆ ಒಂದು ಎಚ್ಚರ. ನಮ್ಮದೇ ಟೈಪ್ ಮಾಡುವ ಹುರುಪಿನಲ್ಲಿ ಬಣ್ಣ, ನೆರಳು, ಗ್ರೇಡಿಯೆಂಟ್ ಅಂತ ಕನ್‌ಸ್ಟ್ರಕ್ಟರ್ ಸೇರಿಸುತ್ತಾ ಹೋಗಬೇಡಿ. ಒಂದು ಸೇರಿಸಿದರೆ ಮೂರು ಕಡೆ ಬರೆಯಬೇಕು. ಮರೆತರೆ ಕಂಪೈಲರ್ ಎಚ್ಚರಿಸುತ್ತದೆ, ವಾರ್ನಿಂಗ್‌ಗಳನ್ನು ಮಾತ್ರ ಆನ್ ಮಾಡಿಡಿ. ಬಿದ್ರಿಗೆ ಕಪ್ಪು, ಬೆಳ್ಳಿ ಎರಡೇ ಬಣ್ಣ. ಅದೇ ನಿಮ್ಮ ಪುಣ್ಯ.

ಬೂಟಿ_ಬೀದರ್

ಸರಿ, ಹೀಗೇ ಮಾಡುತ್ತಿದ್ದೇವೆ. ಟೈಪ್ ನಾನು ಬರೆದುಕೊಟ್ಟೆ, ತಂತಿ ಉದ್ದದ ಫಂಕ್ಷನ್ ಮಕ್ಕಳೇ ಬರೆದರು, ಫೋಲ್ಡ್ ಕಲಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ಲ್ಯಾಬ್‌ನಲ್ಲಿ ಗ್ಲಾಸ್ ಡಿಎಲ್‌ಎಲ್ ಇಟ್ಟ ಮೇಲೆ ಓಡುತ್ತಿದೆ. ಪ್ಲಸ್, ಮೈನಸ್ ಒತ್ತಿದರೆ ಎಸಳು ಹೆಚ್ಚು ಕಡಿಮೆ ಆಗುತ್ತದೆ, ಅದಕ್ಕೆ ಗ್ಲಾಸ್‌ನ ಪ್ಲೇ ಫಂಕ್ಷನ್ ಸಾಕಾಯಿತು. ಹೆಸರು ಗ್ಲಾಸ್‌ನಲ್ಲಿ ಬಿಟ್ಟಿದ್ದೇವೆ, ಎಸ್‌ವಿಜಿಯಲ್ಲಿ ಮಾತ್ರ ಬರುತ್ತದೆ. ಆ ಫೈಲನ್ನು ಮಕ್ಕಳು ಫೋನ್‌ಗೆ ಹಾಕಿಕೊಂಡು ಮನೆಯಲ್ಲಿ ತೋರಿಸುತ್ತಿದ್ದಾರೆ. ಎಲ್ಮ್ ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇನೆ ಭೀಮಾ ಅವರೇ.

ಒಂದೇ ಬಾಕಿ. ಪ್ರಿಂಟ್ ತೆಗೆದರೆ 120 ಮಿ.ಮೀ. ತಟ್ಟೆ 114 ಬರುತ್ತಿದೆ. ಮತ್ತೆ ಒಬ್ಬಳಿಗೆ 220 ಮಿ.ಮೀ. ತಟ್ಟೆ ಬೇಕಂತೆ, ಎ4 ಅಗಲ 210 ಅಲ್ವಾ?

ಚೌಬಾರ

ಎಸ್‌ವಿಜಿಯ ಮೊದಲ ಸಾಲಿನಲ್ಲಿ ಅಗಲ, ಎತ್ತರ ಎರಡಕ್ಕೂ 120 ಮಿ.ಮೀ. ಅಂತ ಕೊಡಿ. ವ್ಯೂಬಾಕ್ಸ್‌ಗೆ (ಕಾಣಬೇಕಾದ ಭಾಗದ ಮೂಲೆ, ಅಗಲ, ಎತ್ತರ) ಮೈನಸ್ 60, ಮೈನಸ್ 60, 120, 120. ಆಗ ಒಂದು ಘಟಕ ಅಂದರೆ ಒಂದು ಮಿಲಿಮೀಟರ್, ಮೂಲವೂ ನಡುವೆ. ಪ್ರಿಂಟ್ ಮಾಡುವಾಗ ಪುಟಕ್ಕೆ ಹೊಂದಿಸು ಅನ್ನುವ ಆಯ್ಕೆ ತೆಗೆದು ಸ್ಕೇಲ್ 100 ಇಡಿ. ನಿಮ್ಮ 114 ಬರುತ್ತಿರುವುದು ಬಹುಶಃ ಅದರಿಂದಲೇ. ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಯಾವಾಗಲೂ ಎಳೆಸಿ, ಪಟ್ಟಿ ಇಟ್ಟು ಅಳೆದರೆ ಗೊತ್ತಾಗುತ್ತದೆ. ಆ ಗೆರೆ ತಂತಿ ಲೆಕ್ಕಕ್ಕೆ ಸೇರದ ಹಾಗೆ ನೋಡಿಕೊಳ್ಳಿ.

220ರ ತಟ್ಟೆಗೆ ಇಡೀ ನಮೂನೆ ಬೇಡ. ಎಸಳು ನಾಲ್ಕರಿಂದ ಭಾಗವಾಗುವುದಾದರೆ ಕಾಲು ಭಾಗ ಸಾಕು. ವ್ಯೂಬಾಕ್ಸ್ 0, 0, 110, 110, ಅಗಲ ಎತ್ತರ 110 ಮಿ.ಮೀ. ಅದನ್ನೇ ತಿರುಗಿಸುತ್ತಾ ನೋಡಿಕೊಂಡು ಗೀರಬಹುದು. ಹತ್ತು ಎಸಳಾದರೆ ಹಾಗೆ ತಿರುಗಿಸಿದಾಗ ಕೂಡುವುದಿಲ್ಲ, ಅರ್ಧ ತಟ್ಟೆ ಬೇಕು. ಕಾಗದ ಅಡ್ಡ ಇಟ್ಟರೆ 220ಕ್ಕೆ 110 ಆರಾಮಾಗಿ ಹಿಡಿಯುತ್ತದೆ.